ಕಾಫಿ ದುಡ್ಡು ಬರೋದು ಫೆಬ್ರವರಿಗೆ, ಮುಂಗಡ ತೆರಿಗೆ ಕಟ್ಟೋದು ಡಿಸೆಂಬರ್ 15ಕ್ಕೆ. ಅಂದಾಜು ಹೇಗೆ ಹಾಕ್ತೀರಿ?

ಕಾಫಿಕಣ, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಅರೇಬಿಕಾ ಕೊಯ್ಲು ನಡೆಯುತ್ತಿದೆ. ರೋಬಸ್ಟಾ ಇನ್ನೂ ಹಣ್ಣಾಗಬೇಕು. ನಮ್ಮದು ಹೆಚ್ಚಿನ ಪಾಲು ರೋಬಸ್ಟಾನೇ. ಇಷ್ಟು ವರ್ಷ ಕಣದಲ್ಲಿ ಒಣಗಿಸಿ ಚೆರಿಯನ್ನೇ (ಸಿಪ್ಪೆ ಸಮೇತ ಒಣಗಿದ ಹಣ್ಣು) ವ್ಯಾಪಾರಿಗೆ ಕೊಡುತ್ತಿದ್ದೆವು. ಈ ಸಲ ಕುಶಾಲನಗರದಲ್ಲಿ ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವುದು) ಮಾಡಿಸಿ ನನ್ನ ಹೆಸರಲ್ಲೇ ಮಾರಬೇಕು ಅಂತಿದ್ದೇನೆ. ಇದರ ಜೊತೆ ಮೂರು ರೂಮಿನ ಹೋಂಸ್ಟೇ ಇದೆ, ನಾಲ್ಕು ವರ್ಷದಿಂದ ನಡೆಯುತ್ತಿದೆ. ಬ್ಯಾಂಕಲ್ಲಿ ಎಫ್‌ಡಿ ಇದೆ. ವಯಸ್ಸು 46.

ಆಡಿಟರ್ ಫೋನ್ ಮಾಡಿ, ಈ ವರ್ಷದ (2025-26) ತೆರಿಗೆಯಲ್ಲಿ 75 ಪರ್ಸೆಂಟ್ ಡಿಸೆಂಬರ್ 15ರೊಳಗೆ ಮುಂಗಡವಾಗಿ ಕಟ್ಟಿರಬೇಕು ಅಂದರು. ಕಾಫಿ ಇನ್ನೂ ಗಿಡದಲ್ಲಿದೆ. ರೇಟು ದಿನಕ್ಕೊಂದು ಥರ. ಯಾವುದರ 75 ಪರ್ಸೆಂಟ್ ಕಟ್ಟಲಿ? ಕಾಫಿ ಕೃಷಿ ಆದಾಯ ಅಲ್ವಾ, ಅದಕ್ಕೆ ತೆರಿಗೆಯೇ ಇಲ್ಲ ಅಂತ ಅಪ್ಪನ ಕಾಲದಿಂದ ಕೇಳಿದ್ದೇನೆ. ಗೊತ್ತಿದ್ದವರು ಬಿಡಿಸಿ ಹೇಳಿ.

ಲೆಕ್ಕದ ಅಕ್ಕ, ಗೋಣಿಕೊಪ್ಪ

ಎರಡು ಪ್ರಶ್ನೆ ಸೇರಿಕೊಂಡಿವೆ. ಮೊದಲು ಕಾಫಿಯದ್ದು ಬಿಡಿಸೋಣ, ಯಾಕೆಂದರೆ ಉಳಿದ ಲೆಕ್ಕ ಎಲ್ಲಾ ಅದರ ಮೇಲೆ ನಿಂತಿದೆ.

ಚೆರಿ ಅಥವಾ ಪಾರ್ಚ್‌ಮೆಂಟ್ (ತಿರುಳು ತೆಗೆದು ತೆಳು ಹೊಟ್ಟಿನ ಸಮೇತ ಒಣಗಿಸಿದ ಬೀಜ) ಹಾಗೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ. ಕೇಂದ್ರದ ಆದಾಯ ತೆರಿಗೆ ಅದರ ಮೇಲೆ ನೇರವಾಗಿ ಬೀಳುವುದಿಲ್ಲ. ನಿಮ್ಮಪ್ಪ ಹೇಳಿದ್ದು ಆ ಲೆಕ್ಕಕ್ಕೆ ಸರಿ. ಆದರೆ ನೀವೇ ಬೆಳೆದು, ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯ ತೆರಿಗೆಯ 7ಬಿ ನಿಯಮ ಬರುತ್ತದೆ. ಬಂದ ಲಾಭದಲ್ಲಿ 25 ಪರ್ಸೆಂಟ್ ವ್ಯಾಪಾರದ ಆದಾಯ, 75 ಪರ್ಸೆಂಟ್ ಕೃಷಿ. ಹುರಿದು ಪುಡಿ ಮಾಡಿ ಮಾರಿದರೆ 40 ಪರ್ಸೆಂಟ್ ವ್ಯಾಪಾರ, 60 ಕೃಷಿ. ಹೋಂಸ್ಟೇಗೆ ಬಂದವರಿಗೆ ಪುಡಿ ಪ್ಯಾಕೆಟ್ ಮಾರುವವರು ಇದನ್ನು ಗಮನಿಸಿ. ಪಕ್ಕದ ತೋಟದವರಿಂದ ಕೊಂಡ ಕಾಫಿಗೆ ಈ ಹಂಚಿಕೆ ಇಲ್ಲ. ಅದರ ಲಾಭ ಪೂರ್ತಿ ವ್ಯಾಪಾರ.

ಲಾಭ ಅಂದೆ, ಮಾರಾಟದ ಮೊತ್ತ ಅಲ್ಲ. ಗೊಬ್ಬರ, ಕೂಲಿ, ಸ್ಪ್ರಿಂಕ್ಲರ್ ಡೀಸೆಲ್, ಕ್ಯೂರಿಂಗ್ ಚಾರ್ಜ್ ಎಲ್ಲಾ ಕಳೆದ ಮೇಲೆ ಉಳಿದದ್ದು. ಸತ್ತ ಗಿಡದ ಜಾಗಕ್ಕೆ ಹೊಸ ಗಿಡ ನೆಟ್ಟ ಖರ್ಚನ್ನೂ ಕಳೆಯಬಹುದು ಅಂತ ಅದೇ ನಿಯಮದಲ್ಲಿದೆ. ಬಿಲ್ಲು, ಕೂಲಿ ಪುಸ್ತಕ ಇಟ್ಟುಕೊಳ್ಳಿ.

ಕಾಫಿಕಣ, ಸುಂಟಿಕೊಪ್ಪ

ಧನ್ಯವಾದ ಅಕ್ಕ. ಹಾಗಾದರೆ ನನ್ನ ಅಂದಾಜು ಇಲ್ಲೇ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ. ಕ್ಯೂರಿಂಗ್ ಮಾಡಿಸಿ ಮಾರಿದರೆ ಖರ್ಚು ಕಳೆದು ಸುಮಾರು 20 ಲಕ್ಷ ಉಳಿಯಬಹುದು. ಹೋಂಸ್ಟೇ ವಸೂಲಿ ವರ್ಷಕ್ಕೆ 15 ಲಕ್ಷ, ಎಲ್ಲವೂ ಯುಪಿಐ ಇಲ್ಲವೇ ಬ್ಯಾಂಕ್ ಮೂಲಕ. ಎಫ್‌ಡಿ ಬಡ್ಡಿ 2.2 ಲಕ್ಷ. ಹೊಸ ತೆರಿಗೆ ಪದ್ಧತಿ. ವ್ಯಾಪಾರ ಅಂತ ಬರೋದು 25 ಪರ್ಸೆಂಟ್, ಅಂದರೆ 5 ಲಕ್ಷ ಮಾತ್ರ. ಎಲ್ಲಾ ಸೇರಿದರೂ 12 ಲಕ್ಷ ದಾಟುವುದಿಲ್ಲ. 12 ಲಕ್ಷದವರೆಗೆ ತೆರಿಗೆ ಇಲ್ಲ ಅಲ್ವಾ? ಮತ್ತೆ ಮುಂಗಡ ಯಾಕೆ?

ಲೆಕ್ಕದ ಅಕ್ಕ, ಗೋಣಿಕೊಪ್ಪ

ನಮ್ಮ ಜಿಲ್ಲೆಯವರು ಜಾಸ್ತಿ ಎಡವುವ ಜಾಗ ಇದು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಉಳಿದ ಆದಾಯಕ್ಕೆ ಯಾವ ದರ ಹಾಕಬೇಕು ಅಂತ ನೋಡುವಾಗ ಅದನ್ನು ಸೇರಿಸುತ್ತಾರೆ. ಷರತ್ತು ಎರಡು. ಕೃಷಿ ಆದಾಯ 5,000 ರೂಪಾಯಿ ದಾಟಿರಬೇಕು. ಉಳಿದ ಆದಾಯ ಮೂಲ ವಿನಾಯಿತಿ ಮಿತಿ ದಾಟಿರಬೇಕು. 2025-26ಕ್ಕೆ ಹೊಸ ಪದ್ಧತಿಯಲ್ಲಿ ಆ ಮಿತಿ 4 ಲಕ್ಷ.

ನೀವು ಚೆರಿಯನ್ನೇ ಮಾರಿದ್ದರೆ: ಹೋಂಸ್ಟೇಯನ್ನು 44ಎಡಿ (ಸಣ್ಣ ವ್ಯಾಪಾರದವರು ವಸೂಲಿಯ ಒಂದು ಪಾಲನ್ನು ಲಾಭ ಅಂತ ತೋರಿಸುವ ಸೆಕ್ಷನ್) ಪ್ರಕಾರ 6 ಪರ್ಸೆಂಟ್ ಲಾಭ ತೋರಿಸಿದರೆ 90 ಸಾವಿರ. ಅದಕ್ಕೆ ಬಡ್ಡಿ 2.2 ಲಕ್ಷ ಸೇರಿದರೆ 3.1 ಲಕ್ಷ. 4 ಲಕ್ಷದ ಒಳಗೆ. ಕೃಷಿ ಎಷ್ಟೇ ಇದ್ದರೂ ತೆರಿಗೆ ಸೊನ್ನೆ. ಒಂದು ಮಾತು, 6 ಪರ್ಸೆಂಟ್ ಅನ್ನೋದು ಕನಿಷ್ಠ. ನಿಜಕ್ಕೂ ಜಾಸ್ತಿ ಉಳಿದರೆ ಜಾಸ್ತಿಯೇ ತೋರಿಸಿ.

ಕ್ಯೂರಿಂಗ್ ಮಾಡಿಸಿ ಮಾರಿದರೆ: ಉಳಿದ ಆದಾಯ 8.1 ಲಕ್ಷ ಆಗುತ್ತದೆ. ಕೃಷಿ ಪಾಲು 15 ಲಕ್ಷ. ಎರಡೂ ಸೇರಿಸಿ 23.1 ಲಕ್ಷಕ್ಕೆ ತೆರಿಗೆ ಹಾಕಿದರೆ 2,77,500. ಆಮೇಲೆ ಕೃಷಿ 15 ಲಕ್ಷದ ಜೊತೆ ವಿನಾಯಿತಿಯ 4 ಲಕ್ಷ ಸೇರಿಸಿ 19 ಲಕ್ಷಕ್ಕೆ ತೆರಿಗೆ ಹಾಕಿ, ಅದು 1,80,000. ಕಳೆದರೆ 97,500. ಇದು ನಿಮ್ಮ ತೆರಿಗೆ. 12 ಲಕ್ಷದ ಒಳಗಿನವರಿಗೆ ಸಿಗುವ 87ಎ ರಿಯಾಯಿತಿ ಹೆಚ್ಚೆಂದರೆ 60,000. ಅದನ್ನೂ ಕಳೆದರೆ 37,500. 4 ಪರ್ಸೆಂಟ್ ಸೆಸ್ ಸೇರಿ 39,000.

ಎಫ್‌ಡಿ ಬಡ್ಡಿಯಲ್ಲಿ ಬ್ಯಾಂಕ್ 10 ಪರ್ಸೆಂಟ್ ಟಿಡಿಎಸ್ ಹಿಡಿದಿದ್ದರೆ 22,000 ಹೋಯಿತು. ಬಾಕಿ 17,000. ಟಿಡಿಎಸ್ ಕಳೆದ ಮೇಲೆ 10,000 ಅಥವಾ ಜಾಸ್ತಿ ಉಳಿದರೆ ಮುಂಗಡ ತೆರಿಗೆ ಕಟ್ಟಲೇಬೇಕು. ನಿಮಗೆ ಬರುತ್ತದೆ.

12 ಲಕ್ಷದವರೆಗೆ ಇಲ್ಲ ಅನ್ನೋ ಮಾತು ಸಂಬಳದವರಿಗೆ ಸರಿಹೋಗುತ್ತದೆ. ತೋಟ ಇರುವವರು ಕೃಷಿ ಆದಾಯ ಸೇರಿಸಿ ನೋಡದೆ ಅದನ್ನು ನಂಬಬೇಡಿ.

ಹಳೇ ಬೆಳೆಗಾರ, ನಾಪೋಕ್ಲು

ಅಕ್ಕ ಹೇಳಿದ್ದು ಅಚ್ಚುಕಟ್ಟಾಗಿದೆ. ನಾನು ಅಂದಾಜಿನ ವಿಷಯ ಹೇಳುತ್ತೇನೆ.

ಕಾಫಿ ಬೋರ್ಡಿನ ಪೂಲ್ (ಎಲ್ಲರ ಕಾಫಿಯನ್ನೂ ಬೋರ್ಡೇ ಸೇರಿಸಿ ಮಾರುವ ಪದ್ಧತಿ) ಇದ್ದ ಕಾಲದಲ್ಲಿ ಕಾಫಿ ಅಲ್ಲಿಗೆ ಕೊಟ್ಟರೆ ದುಡ್ಡು ಕಂತಿನಲ್ಲಿ ಬರುತ್ತಿತ್ತು. 1996ಕ್ಕೆ ಅದು ಪೂರ್ತಿ ನಿಂತಿತು. ಈಗ ಮಾರಿದ ವಾರದಲ್ಲೇ ಇಡೀ ವರ್ಷದ ದುಡ್ಡು ಕೈಗೆ ಬರುತ್ತದೆ. ಒಳ್ಳೆಯದೇ. ಆದರೆ ತೆರಿಗೆಯ ತಾರೀಕುಗಳು ತಿಂಗಳು ತಿಂಗಳು ದುಡ್ಡು ಬರುವವರಿಗೆ ಹೊಂದುವಂಥವು. ಜೂನ್ 15ಕ್ಕೆ 15 ಪರ್ಸೆಂಟ್, ಆಗ ಮಳೆ ಹಿಡಿದಿರುತ್ತದೆ. ಸೆಪ್ಟೆಂಬರ್ 15ಕ್ಕೆ ಒಟ್ಟು 45, ಅದು ಕೈಲ್‌ಪೊಳ್ದ್ ಹಬ್ಬ ಆದ ಮೇಲೆ. ಡಿಸೆಂಬರ್ 15ಕ್ಕೆ 75, ಅದು ಪುತ್ತರಿ ಹಬ್ಬದ ಹೊತ್ತು. ಮಾರ್ಚ್ 15ಕ್ಕೆ 100. ನಮಗೆ ದುಡ್ಡು ಕಾಣುವುದು ಕೊನೆಯದಕ್ಕೆ ಮಾತ್ರ.

ಹಾಗಂತ ಅಂದಾಜು ಸಿಗುವುದೇ ಇಲ್ಲ ಅಂತ ಹೇಳಬೇಡಿ. ಬೆಳೆಗಾರ ವರ್ಷಪೂರ್ತಿ ಅಂದಾಜೇ ಹಾಕುತ್ತಿರುತ್ತಾನೆ. ಹೂಮಳೆ ಬಿದ್ದು ಹೂ ನಿಂತ ಮೇಲೆ ಒಂದು ಲೆಕ್ಕ. ಮಳೆಗಾಲದಲ್ಲಿ ಕೊಳೆರೋಗ, ಕಾಯಿ ಉದುರುವುದು ಎಲ್ಲಾ ನೋಡಿ ಇನ್ನೊಂದು ಲೆಕ್ಕ. ಕಾಫಿ ಬೋರ್ಡ್ ಕೂಡ ಹೂ ಆದ ಮೇಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಬೆಳೆ ಅಂದಾಜು ಕೊಡುತ್ತದೆ. ಜೂನ್ ಕಂತಿಗೆ ಹೂವಿನ ಲೆಕ್ಕ, ಡಿಸೆಂಬರ್ ಕಂತಿಗೆ ಮಳೆ ನಂತರದ ಲೆಕ್ಕ. ರೇಟನ್ನು ಇವತ್ತಿನದಕ್ಕಿಂತ ಸ್ವಲ್ಪ ಕೆಳಗೇ ಹಿಡಿಯಿರಿ. ನಾನು ಹಾಗೇ ಮಾಡುವುದು.

ಕಾಫಿಕಣ, ಡಿಸೆಂಬರ್ ಹೊತ್ತಿಗೆ ಎಷ್ಟು ಚೀಲ ಆಗುತ್ತೆ ಅಂತ ನಿಮಗೆ ಗಿಡ ನೋಡಿದರೇ ಗೊತ್ತಾಗುತ್ತದೆ. ಕೂಲಿಯವರನ್ನು ಎಷ್ಟು ಜನ ಕರೆಯಬೇಕು ಅಂತ ಅದೇ ಲೆಕ್ಕದಲ್ಲಿ ತಾನೇ ಹೇಳಿರುತ್ತೀರಿ?

ಸುಮ್ನೆ ಕೇಳುವವ, ಸೋಮವಾರಪೇಟೆ

ಇಷ್ಟೆಲ್ಲಾ ತಲೆಬಿಸಿ ಯಾಕೆ ಅಂತ. ರಿಟರ್ನ್ ಹಾಕುವಾಗ ಒಟ್ಟಿಗೆ ಕಟ್ಟಿದರೆ ಏನಾಗುತ್ತದೆ? ಬಡ್ಡಿ ತಿಂಗಳಿಗೆ 1 ಪರ್ಸೆಂಟ್ ತಾನೇ. ಬೇರೆ ದಂಡ ಏನೂ ಇಲ್ಲ.

ಲೆಕ್ಕದ ಅಕ್ಕ, ಗೋಣಿಕೊಪ್ಪ

ನ್ಯಾಯವಾದ ಪ್ರಶ್ನೆ. ಕಾಫಿಕಣ ಅವರ 17,000ದ ಮೇಲೇ ನೋಡೋಣ.

ಅವರು ಈ ಡಿಸೆಂಬರ್ 15ರೊಳಗೆ 75 ಪರ್ಸೆಂಟ್, ಅಂದರೆ 12,750 ಕಟ್ಟಿದರೆ ಜೂನ್ ಮತ್ತು ಸೆಪ್ಟೆಂಬರ್ ಕಂತು ತಪ್ಪಿದ್ದಕ್ಕೆ ಮಾತ್ರ ಬಡ್ಡಿ. 75 ಮತ್ತು 228, ಒಟ್ಟು 303 ರೂಪಾಯಿ. ಡಿಸೆಂಬರ್ ಕೂಡ ಬಿಟ್ಟು ಎಲ್ಲವನ್ನೂ ಮಾರ್ಚ್ 15ರೊಳಗೆ ಕಟ್ಟಿದರೆ 684. ಏನೂ ಕಟ್ಟದೆ ಜುಲೈನಲ್ಲಿ ಕಟ್ಟಿದರೆ ಕಂತು ತಪ್ಪಿದ್ದಕ್ಕೆ 234ಸಿ ಬಡ್ಡಿ 854, ಅದರ ಮೇಲೆ ವರ್ಷ ಮುಗಿದರೂ ಕಟ್ಟದ್ದಕ್ಕೆ ಏಪ್ರಿಲ್‌ನಿಂದ ನಾಲ್ಕು ತಿಂಗಳ 234ಬಿ ಬಡ್ಡಿ 680. ಒಟ್ಟು 1,534.

ಇಲ್ಲಿ ಮೊತ್ತ ಸಣ್ಣದು, ನಿಜ. ಆದರೆ ತೆರಿಗೆ 17 ಸಾವಿರದ ಬದಲು 5 ಲಕ್ಷ ಇರುವ ಎಸ್ಟೇಟ್‌ಗಳೂ ಇವೆ. ಅವರಿಗೆ ಇದೇ ಲೆಕ್ಕದಲ್ಲಿ 45 ಸಾವಿರ ಬಡ್ಡಿ ಬೀಳುತ್ತದೆ. ಇನ್ನೊಂದು, ಜುಲೈ ನಮಗೆ ಕೈ ಖಾಲಿ ಇರುವ ತಿಂಗಳು. ಗೊಬ್ಬರಕ್ಕೆ, ಮರಗಸಿಗೆ (ನೆರಳು ಮರ ಸವರುವುದಕ್ಕೆ), ಕಳೆ ತೆಗೆಸುವುದಕ್ಕೆ, ಮಕ್ಕಳ ಫೀಸಿಗೆ ದುಡ್ಡು ಹೋಗಿರುತ್ತದೆ. ತೆರಿಗೆ ಕಟ್ಟಲು ಸಾಲ ಮಾಡಿದವರನ್ನು ನೋಡಿದ್ದೇನೆ. ಮಾರಿದ ದಿನವೇ ಬೇರೆ ಇಟ್ಟರೆ ಆ ಕಷ್ಟ ಇಲ್ಲ. ನನಗೆ ಬಡ್ಡಿಗಿಂತ ಇದೇ ದೊಡ್ಡ ಕಾರಣ.

ಕಾಫಿ ತಡವಾಗಿ ಮಾರಾಟ ಆಯಿತು ಅಂತ 234ಸಿ ಬಡ್ಡಿ ಮಾಫಿ ಆಗುವುದಿಲ್ಲ. ಆಸ್ತಿ ಮಾರಿದ ಲಾಭ, ಡಿವಿಡೆಂಡ್, ಲಾಟರಿ ಥರದ್ದಕ್ಕೆ ಮಾತ್ರ, ಆದಾಯ ಬಂದ ನಂತರದ ಕಂತುಗಳಲ್ಲಿ ಕಟ್ಟಿದರೆ ಬಡ್ಡಿ ಇಲ್ಲ. ಜೀವನದಲ್ಲಿ ಮೊದಲ ಸಲ ವ್ಯಾಪಾರದ ಆದಾಯ ಬಂದವರಿಗೂ ಈ ಸೌಲಭ್ಯ ಇದೆ. ಇಷ್ಟು ದಿನ ಚೆರಿ ಮಾತ್ರ ಮಾರಿಕೊಂಡು, ಬೇರೆ ಯಾವ ವ್ಯಾಪಾರವೂ ಇಲ್ಲದವರು ಈ ವರ್ಷ ಮೊದಲ ಬಾರಿ ಕ್ಯೂರಿಂಗ್ ಮಾಡಿಸಿ ಫೆಬ್ರವರಿಯಲ್ಲಿ ಮಾರಿದರೆ, ಮಾರ್ಚ್‌ನಲ್ಲಿ ಒಟ್ಟಿಗೆ ಕಟ್ಟಬಹುದು. ಕಾಫಿಕಣ ಅವರಿಗೆ ಹೋಂಸ್ಟೇ ಆದಾಯ ಮೊದಲಿಂದ ಇರುವುದರಿಂದ ಇದು ಅನ್ವಯಿಸುವುದಿಲ್ಲ.

ಮಂಜಿನ ಮನೆ ಹೋಂಸ್ಟೇ, ಮಡಿಕೇರಿ

ನಮಗೆ ತೋಟ ಇಲ್ಲ, ಹೋಂಸ್ಟೇ ಮಾತ್ರ. 44ಎಡಿ ತಗೊಂಡವರು ನಾಲ್ಕು ಕಂತು ಕಟ್ಟಬೇಕಾಗಿಲ್ಲ, ಮಾರ್ಚ್ 15ಕ್ಕೆ ಒಂದೇ ಸಲ ಸಾಕು ಅಂತ ಕೇಳಿದ್ದೇನೆ. ಸರೀನಾ ಅಕ್ಕ?

ಲೆಕ್ಕದ ಅಕ್ಕ, ಗೋಣಿಕೊಪ್ಪ

ಸರಿ. 44ಎಡಿ, 44ಎಡಿಎ (ವೈದ್ಯರು, ವಕೀಲರಂಥ ವೃತ್ತಿಯವರದ್ದು) ಎರಡಕ್ಕೂ ಮಾರ್ಚ್ 15ಕ್ಕೆ ಪೂರ್ತಿ ಕಟ್ಟಿದರೆ ಸಾಕು. 44ಎಡಿಗೆ ವಸೂಲಿ 2 ಕೋಟಿ ಒಳಗಿರಬೇಕು. ನಗದು 5 ಪರ್ಸೆಂಟ್ ಮೀರದಿದ್ದರೆ 3 ಕೋಟಿವರೆಗೂ ಆಗುತ್ತದೆ. ನಗದಲ್ಲಿ ಬಂದ ಬಾಡಿಗೆಗೆ 8 ಪರ್ಸೆಂಟ್, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದಕ್ಕೆ 6.

ಹೋಂಸ್ಟೇ ಮತ್ತು ಕ್ಯೂರಿಂಗ್ ಕಾಫಿ ಎರಡೂ ಇದ್ದವರು ಕಾಫಿಗೆ ನಾಲ್ಕು ಕಂತು ಅಂತಲೇ ಲೆಕ್ಕ ಹಾಕಿ. ಅದೇ ಸುರಕ್ಷಿತ.

ನಿವೃತ್ತ ಸುಬೇದಾರ್, ವಿರಾಜಪೇಟೆ

ಜೈ ಹಿಂದ್. ನನ್ನ ಪ್ರಶ್ನೆ ಬೇರೆ. ವಯಸ್ಸು 57. ತೋಟ ಅಣ್ಣನ ಹೆಸರಲ್ಲಿ, ನನಗೆ ಅದರ ಆದಾಯ ಇಲ್ಲ. ಪಿಂಚಣಿ ವರ್ಷಕ್ಕೆ 9.6 ಲಕ್ಷ. ನಿವೃತ್ತಿ ಹಣ, ಹೆಂಡತಿ ಒತ್ತಾಯಕ್ಕೆ ಕೂಡಿಟ್ಟದ್ದು ಎಲ್ಲಾ ಸೇರಿ ಎಫ್‌ಡಿಯಿಂದ 4 ಲಕ್ಷ ಬಡ್ಡಿ ಬರುತ್ತದೆ. ಪಿಂಚಣಿಯಲ್ಲಿ ತೆರಿಗೆ ಹಿಡಿದಿಲ್ಲ, ಬ್ಯಾಂಕ್ ಮಾತ್ರ 40 ಸಾವಿರ ಹಿಡಿದಿದೆ. ಹಿಡಿದದ್ದು ಆಯಿತಲ್ಲ, ಇನ್ನೇನಾದರೂ ಕಟ್ಟಬೇಕೇ?

ಲೆಕ್ಕದ ಅಕ್ಕ, ಗೋಣಿಕೊಪ್ಪ

ಕಟ್ಟಬೇಕು ಸರ್. ಪಿಂಚಣಿ ಕೊಡುವವರಿಗೆ ನಿಮ್ಮ ಪಿಂಚಣಿ ಮಾತ್ರ ಕಾಣುತ್ತದೆ. ಅದು 12 ಲಕ್ಷದ ಒಳಗಿದೆ, ಹಾಗಾಗಿ ಹಿಡಿಯಲಿಲ್ಲ. ಬ್ಯಾಂಕಿಗೆ ಬಡ್ಡಿ ಮಾತ್ರ ಕಾಣುತ್ತದೆ, ಅವರು 10 ಪರ್ಸೆಂಟ್ ಹಿಡಿದು ಸುಮ್ಮನಾಗುತ್ತಾರೆ. ಎರಡೂ ಸೇರಿದರೆ 13.6 ಲಕ್ಷ. 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 12.85 ಲಕ್ಷ. ಅಷ್ಟಾದರೆ ರಿಯಾಯಿತಿ ಸಿಗುವುದಿಲ್ಲ. ತೆರಿಗೆ 72,750, ಸೆಸ್ ಸೇರಿ 75,660. ಬ್ಯಾಂಕ್ ಹಿಡಿದ 40,000 ಕಳೆದು ಬಾಕಿ 35,660. ಡಿಸೆಂಬರ್ 15ರೊಳಗೆ 26,745 ಕಟ್ಟಿರಬೇಕು.

ಮುಂದಿನ ವರ್ಷಕ್ಕೆ ಒಂದು ಸುಲಭ ದಾರಿ ಇದೆ. ನಿಮ್ಮ ಬಡ್ಡಿ ಆದಾಯವನ್ನು ಪಿಂಚಣಿ ಕೊಡುವ ಕಚೇರಿಗೆ ಮೊದಲೇ ತಿಳಿಸಿ. ಅದನ್ನೂ ಸೇರಿಸಿ ಅವರು ತಿಂಗಳು ತಿಂಗಳು ಹಿಡಿಯುತ್ತಾರೆ. ಬಾಕಿ 10,000ದ ಒಳಗೆ ಬಂದರೆ ಮುಂಗಡ ತೆರಿಗೆಯ ಗೋಜೇ ಇರುವುದಿಲ್ಲ.

60 ಆದ ಮೇಲೆ, ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದಿದ್ದರೆ, ಮುಂಗಡ ತೆರಿಗೆ ಕಟ್ಟಬೇಕಾಗಿಲ್ಲ. ರಿಟರ್ನ್ ಜೊತೆ ಕಟ್ಟಿದರೆ ಸಾಕು.

ಹಳೇ ಬೆಳೆಗಾರ, ನಾಪೋಕ್ಲು

ಅಕ್ಕ, ನನಗೆ 71. ಮೆಣಸು ಮತ್ತು ಚೆರಿ ಮಾತ್ರ ಮಾರಿದರೆ ಈ ವಿನಾಯಿತಿ ಸಿಗುತ್ತದೆ, ಕ್ಯೂರಿಂಗ್ ಮಾಡಿಸಿದರೆ ಸಿಗಲ್ಲ ಅಂತ ತಿಳಿದುಕೊಂಡಿದ್ದೇನೆ.

ಲೆಕ್ಕದ ಅಕ್ಕ, ಗೋಣಿಕೊಪ್ಪ

ಹೌದು ಅಂಕಲ್, ಹಾಗೇ. ಕ್ಯೂರಿಂಗ್ ಕಾಫಿಯ ಆ 25 ಪರ್ಸೆಂಟ್ ವ್ಯಾಪಾರದ ಆದಾಯ. ಅದು ಬಂದರೆ ಹಿರಿಯರ ವಿನಾಯಿತಿ ಹೋಗುತ್ತದೆ. ಹಿರಿಯರು ಹೋಂಸ್ಟೇ ನಡೆಸಿದರೂ ಅಷ್ಟೇ. ಕರಿಮೆಣಸು ಒಣಗಿಸಿ ಮಾರುವುದು ಪೂರ್ತಿ ಕೃಷಿ.

ಪೊನ್ನಂಪೇಟೆ ಮಗಳು, ಈಗ ಬೆಂಗಳೂರು

ಅಪ್ಪ ಅಮ್ಮನದ್ದು ಇಲ್ಲಿಂದಲೇ ನಾನು ಕಟ್ಟುತ್ತೇನೆ. ಹೇಗೆ ಅಂತ ಕೇಳುವವರಿಗೆ ಬರೆಯುತ್ತಿದ್ದೇನೆ.

ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಇ-ಪೇ ಟ್ಯಾಕ್ಸ್ ಅಂತ ಇದೆ. ಲಾಗಿನ್ ಆಗದೆಯೂ ಪಾನ್ ಮತ್ತು ಮೊಬೈಲ್ ಒಟಿಪಿ ಇಟ್ಟುಕೊಂಡು ಕಟ್ಟಬಹುದು. ಎರಡು ಕಡೆ ಹುಷಾರಾಗಿರಿ. ಒಂದು, ವರ್ಷ. 2025 ಏಪ್ರಿಲ್‌ನಿಂದ 2026 ಮಾರ್ಚ್‌ವರೆಗಿನ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ 2026-27. ಬಹಳ ಜನ ಇಲ್ಲಿ 2025-26 ಒತ್ತಿಬಿಡುತ್ತಾರೆ. ಇನ್ನೊಂದು, ಪಾವತಿಯ ಬಗೆ. ಮುಂಗಡ ತೆರಿಗೆಗೆ 100, ರಿಟರ್ನ್ ಜೊತೆ ಕಟ್ಟುವ ಸ್ವಯಂ ತೆರಿಗೆಗೆ 300. ತಪ್ಪಿದರೆ ಪೋರ್ಟಲ್‌ನಲ್ಲೇ ಚಲನ್ ತಿದ್ದಲು ಅವಕಾಶ ಇದೆ, ಆದರೆ ಅದರ ಗಡುವು ಚಿಕ್ಕದು. ಕಟ್ಟಿದ ದಿನವೇ ಚಲನ್ ತೆರೆದು ನೋಡಿ.

ನೆಟ್‌ಬ್ಯಾಂಕಿಂಗ್, ಡೆಬಿಟ್ ಕಾರ್ಡ್, ಯುಪಿಐ ಎಲ್ಲಾ ನಡೆಯುತ್ತದೆ. ಅಪ್ಪನ ಥರ ಬ್ಯಾಂಕಿಗೇ ಹೋಗಿ ಕಟ್ಟಬೇಕು ಅನ್ನುವವರಿಗೆ ಪೋರ್ಟಲ್‌ನಲ್ಲಿ ಚಲನ್ ಮಾಡಿ ಪ್ರಿಂಟ್ ಕೊಡಿ. ಅದು 15 ದಿನ ಚಾಲ್ತಿಯಲ್ಲಿರುತ್ತದೆ. ಜೂನ್ ಕಂತನ್ನು ಮಾತ್ರ ಕೊನೇ ದಿನಕ್ಕೆ ಇಡಬೇಡಿ. ನಮ್ಮೂರಲ್ಲಿ ಮಳೆ ಹಿಡಿದರೆ ಕರೆಂಟ್ ಇರಲ್ಲ, ಟವರ್ ಇರಲ್ಲ, ಒಟಿಪಿ ಬರಲ್ಲ. ನಾನು ಮೇ ಕೊನೆಯಲ್ಲೇ ಮುಗಿಸುತ್ತೇನೆ.

ಕಾಫಿಕಣ, ಸುಂಟಿಕೊಪ್ಪ

ತುಂಬಾ ಉಪಕಾರ ಆಯಿತು. ಇನ್ನೆರಡು ಸಂಶಯ. ರೇಟು ಏರಬಹುದು ಅಂತ ಕಾಫಿ ಇಟ್ಟುಕೊಂಡು ಮೇ ತಿಂಗಳಲ್ಲಿ ಮಾರಿದರೆ? ಮತ್ತೆ, ಈಗ 12,750 ಕಟ್ಟಿ ಆಮೇಲೆ ರೇಟು ಬಿದ್ದರೆ ಕಟ್ಟಿದ್ದು ಹೋಯಿತಾ?

ಲೆಕ್ಕದ ಅಕ್ಕ, ಗೋಣಿಕೊಪ್ಪ

ಕಟ್ಟಿದ್ದು ಹೋಗುವುದಿಲ್ಲ. ಜಾಸ್ತಿ ಆದದ್ದು ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ. ಅಂದಾಜನ್ನು ಪ್ರತಿ ಕಂತಿಗೂ ಬದಲಿಸಬಹುದು, ಯಾರಿಗೂ ಅರ್ಜಿ ಕೊಡಬೇಕಾಗಿಲ್ಲ. ರೇಟು ಬಿದ್ದರೆ ಮಾರ್ಚ್ ಕಂತು ಕಡಿಮೆ ಕಟ್ಟಿ, ಏರಿದರೆ ಜಾಸ್ತಿ ಕಟ್ಟಿ.

ಮೇನಲ್ಲಿ ಮಾರಿದರೆ ಆ ಮಾರಾಟ ಮುಂದಿನ ವರ್ಷಕ್ಕೆ ಸೇರುತ್ತದೆ. ಆಗ ಜೂನ್ 15ರ ಕಂತು ಬರುವಾಗ ದುಡ್ಡು ಕೈಯಲ್ಲೇ ಇರುತ್ತದೆ. ಆದರೆ ನಿಮ್ಮ ಲೆಕ್ಕಪುಸ್ತಕ ದುಡ್ಡು ಬಂದಾಗ ಬರೆಯುವ ಪದ್ಧತಿಯಲ್ಲಿ ಇಲ್ಲದಿದ್ದರೆ, ಮಾರ್ಚ್ 31ಕ್ಕೆ ಗೋಡೌನಿನಲ್ಲಿರುವ ಸ್ಟಾಕನ್ನೂ ಈ ವರ್ಷದ ಲೆಕ್ಕಕ್ಕೆ ತರಬೇಕಾಗುತ್ತದೆ. ನಿಮ್ಮ ಆಡಿಟರ್ ಯಾವ ಪದ್ಧತಿ ಹಿಡಿದಿದ್ದಾರೆ ಅಂತ ಇವತ್ತೇ ಕೇಳಿ. ಮಾರುವ ಮೊದಲು ಕೇಳುವ ಪ್ರಶ್ನೆ ಅದು.

2026ರ ಮಾರ್ಚ್ 15 ಭಾನುವಾರ. ಬ್ಯಾಂಕ್ ರಜೆ ಇದ್ದರೆ ಮರುದಿನ ಕಟ್ಟಿದರೂ ಬಡ್ಡಿ ಇಲ್ಲ ಅಂತ ಇಲಾಖೆಯ 1994ರ ಸುತ್ತೋಲೆ ಇದೆ. ಆದರೂ ಶುಕ್ರವಾರಕ್ಕೇ ಮುಗಿಸಿ. ಮಾರ್ಚ್ 15 ದಾಟಿ ಮಾರಾಟ ಆದರೆ, 31ರೊಳಗೆ ಕಟ್ಟಿದ್ದೂ ಮುಂಗಡ ತೆರಿಗೆಯೇ. ವರ್ಷದ ತೆರಿಗೆಯಲ್ಲಿ 90 ಪರ್ಸೆಂಟ್ ಅಷ್ಟರೊಳಗೆ ಹೋಗಿದ್ದರೆ ಏಪ್ರಿಲ್‌ನಿಂದ ಓಡುವ 234ಬಿ ಬಡ್ಡಿ ನಿಮಗೆ ಬರುವುದಿಲ್ಲ.

2026 ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ. ನಾನು ಮೇಲೆ ಬರೆದ ಸೆಕ್ಷನ್ ನಂಬರುಗಳು ಅದರಲ್ಲಿ ಬದಲಾಗುತ್ತವೆ. 2025-26ರ ಆದಾಯಕ್ಕೆ ಹಳೇ ಕಾಯ್ದೆಯೇ.

ಸುಮ್ನೆ ಕೇಳುವವ, ಸೋಮವಾರಪೇಟೆ

ಅಕ್ಕ, ಲೆಕ್ಕ ನೋಡಿದ ಮೇಲೆ ಒಪ್ಪಿದೆ. ನಮ್ಮದು ಪಾರ್ಚ್‌ಮೆಂಟ್, ಅದು ಪೂರ್ತಿ ಕೃಷಿ ಅಂದಿರಿ. ಆದರೆ ನನ್ನ ಹೆಂಡತಿಗೆ ಶಾಲೆಯ ಸಂಬಳ ಇದೆ, ತೋಟದಲ್ಲಿ ಪಾಲೂ ಇದೆ. ಅವಳ ಸಂಬಳಕ್ಕೂ ಕೃಷಿ ಸೇರಿಸಿ ದರ ನೋಡಬೇಕಾ?

ಲೆಕ್ಕದ ಅಕ್ಕ, ಗೋಣಿಕೊಪ್ಪ

ತೋಟದ ಆದಾಯ ಅವರ ಹೆಸರಿಗೇ ಬರುತ್ತಿದ್ದರೆ ಸೇರಿಸಬೇಕು. ಶಾಲೆಯವರು ಸಂಬಳ ಮಾತ್ರ ನೋಡಿ ಟಿಡಿಎಸ್ ಹಿಡಿದಿರುತ್ತಾರೆ, ಕೃಷಿ ಪಾಲು ಅವರಿಗೆ ಗೊತ್ತಿರುವುದಿಲ್ಲ. ಸಂಬಳ ಎಷ್ಟು, ಅವರ ಪಾಲಿಗೆ ಖರ್ಚು ಕಳೆದು ಎಷ್ಟು ಅಂತ ಹಾಕಿ, 15ರ ಒಳಗೆ ಲೆಕ್ಕ ಮಾಡಿ ಕೊಡುತ್ತೇನೆ.